ರಿಚರ್ಡ್ ಹೂವರ್: ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಷ್ಟ್ರು

ಪ್ರಾಜೆಕ್ಟ್ ಎಕ್ಸಿಬಿಷನ್ ಅಂದ್ರೆ ಅಲ್ಲೊಂದು ಸ್ಮಾರ್ಟ್ ಕೋಲು ಇದ್ದೇ ಇರುತ್ತೆ. ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್, ಒಂದು ಬ್ಯಾಟರಿ. ಸೆನ್ಸರ್ ಬಗ್ಗೆ ನಾವು ಗಂಟೆಗಟ್ಟಲೆ ವಾದ ಮಾಡ್ತೀವಿ. ಆದರೆ ಬರೀ ಕೋಲು ಹಿಡಿದು ಅಂಧರು ನಡೆಯೋದು ಹೇಗೆ, ಅದನ್ನ ಕಲಿಸೋರು ಯಾರು, ಆ ಕಲಿಸೋರಿಗೆ ಕಲಿಸಿದವರು ಯಾರು ಅಂತ ಕೇಳಿಕೊಳ್ಳೋದು ಕಡಿಮೆ. ಹುಡುಕುತ್ತಾ ಹೋದರೆ ಮೂರು ಪ್ರಶ್ನೆಗಳೂ ಅಮೆರಿಕದ ಒಬ್ಬರೇ ಮನುಷ್ಯನ ಹತ್ತಿರ ಬಂದು ನಿಲ್ಲುತ್ತವೆ: ರಿಚರ್ಡ್ ಹೂವರ್.

ಹೂವರ್ ಎಂಜಿನಿಯರ್ ಅಲ್ಲ, ಮೇಷ್ಟ್ರು. ಮೇರಿಲ್ಯಾಂಡ್‌ನ ಅಂಧರ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಬಂತು, ಸೈನ್ಯ ಸೇರಿದರು. ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಗೆ ಅವರನ್ನು ಹಾಕಿದರು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಹುಡುಗರನ್ನು ಕರೆತರುತ್ತಿದ್ದ ಜಾಗ ಅದು. ಹುಡುಗರು ಅಂದದ್ದು ಸುಮ್ಮನೆ ಅಲ್ಲ, ಅವರಲ್ಲಿ ಎಷ್ಟೋ ಜನ ನಮ್ಮ ವಯಸ್ಸಿನವರು. ಕೆಲವು ತಿಂಗಳ ಹಿಂದೆ ಬಂದೂಕು ಹೊತ್ತು ಓಡಾಡಿದವರು ಈಗ ಪಕ್ಕದ ಕೋಣೆಗೆ ಹೋಗಬೇಕಾದರೂ ಯಾರದಾದರೂ ಮೊಣಕೈ ಹಿಡಿಯಬೇಕು.

ಬಿಳಿ ಕೋಲು ಆಗಲೇ ಇತ್ತು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಣ್ಣು ಕಳೆದುಕೊಂಡಿದ್ದ ಜೇಮ್ಸ್ ಬಿಗ್ಸ್ ಅನ್ನುವವರು ತಮ್ಮ ಊರುಗೋಲಿಗೆ ಬಿಳಿ ಬಣ್ಣ ಬಳಿದಿದ್ದರು, ಗಾಡಿ ಓಡಿಸುವವರಿಗೆ ತಾವು ಕಾಣಲಿ ಅಂತ. 1930ರ ಹೊತ್ತಿಗೆ ಅಮೆರಿಕದಲ್ಲಿ ಲಯನ್ಸ್ ಕ್ಲಬ್‌ನವರೂ ಬಿಳಿ ಕೋಲಿನ ಪ್ರಚಾರ ಶುರು ಮಾಡಿದರು. ಗಮನಿಸಿ, ಆ ಬಣ್ಣ ಇದ್ದದ್ದು ಬೇರೆಯವರ ಕಣ್ಣಿಗೆ. ಹಿಡಿದವನಿಗೆ ಆ ಕೋಲು ಹೇಳುತ್ತಿದ್ದದ್ದು ಬಹಳ ಕಡಿಮೆ. ಗಿಡ್ಡ, ಭಾರ, ಮರದ್ದು. ಕಾಲು ನೋವಿನ ಅಜ್ಜ ಊರಿಕೊಳ್ಳುವ ಕೋಲೇ ಅದು.

ಹೂವರ್ ಹಿಡಿದದ್ದು ಇದೇ ತಪ್ಪನ್ನು. ಈ ಹುಡುಗರ ಕಾಲು ಚೆನ್ನಾಗೇ ಇದೆ, ಭಾರ ಹೊರುವ ಕೋಲು ಅವರಿಗೆ ಯಾಕೆ? ಬೇಕಾದದ್ದು ನೆಲವನ್ನು ಮುಂಚೆಯೇ ಮುಟ್ಟಿ ಸುದ್ದಿ ತರುವ ಕೋಲು. ಹಾಗಾಗಿ ಅದು ಹಗುರ ಆಯಿತು, ನೆಲದಿಂದ ಎದೆಮಟ್ಟಕ್ಕೆ ಉದ್ದ ಆಯಿತು. 1944ರಲ್ಲಿ ಹೂವರ್ ತಮ್ಮ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಒಂದು ವಾರ ಆ ಆಸ್ಪತ್ರೆಯಲ್ಲಿ ಕೋಲು ಹಿಡಿದು ಓಡಾಡಿದರು.

ಅಲ್ಲಿಂದ ಹುಟ್ಟಿದ ವಿಧಾನ ಕೇಳೋಕೆ ಸರಳ. ಕೈ ಹೊಟ್ಟೆಯ ಮುಂದೆ, ದೇಹದ ನಡುಗೆರೆಯಲ್ಲಿ. ಮಣಿಕಟ್ಟು ಮಾತ್ರ ಆಡಬೇಕು. ಕೋಲಿನ ತುದಿ ಎಡಕ್ಕೂ ಬಲಕ್ಕೂ ಕಮಾನಿನ ಹಾಗೆ ಬೀಸಬೇಕು, ಭುಜದ ಅಗಲಕ್ಕಿಂತ ಚೂರು ಹೆಚ್ಚು. ಎಡಗಾಲು ಮುಂದೆ ಹೋಗುವಾಗ ತುದಿ ಬಲಗಡೆ ನೆಲ ಮುಟ್ಟಬೇಕು. ಯಾಕೆ ಉಲ್ಟಾ? ಮುಂದಿನ ಹೆಜ್ಜೆ ಬಲಗಾಲಿನದ್ದು, ಆ ಕಾಲು ಇಳಿಯುವ ಜಾಗವನ್ನು ತುದಿ ಈಗಲೇ ನೋಡಿಕೊಂಡಿರುತ್ತೆ. ಅಂದರೆ ಪ್ರತಿ ಹೆಜ್ಜೆಗೂ ಒಂದು ಹೆಜ್ಜೆ ಮುಂಚಿನ ರೀಡಿಂಗ್. ಡಾಂಬರು ಮುಗಿದು ಮಣ್ಣು ಬಂತು, ಮೆಟ್ಟಿಲು ಇಳೀತು ಅನ್ನೋದು ಕಂಪನದಲ್ಲೂ ಸದ್ದಿನಲ್ಲೂ ಕೈಗೆ ಬರುತ್ತೆ. ತಲೆಮಟ್ಟದ ಕೊಂಬೆ, ಜೋತುಬಿದ್ದ ಬೋರ್ಡು ಮಾತ್ರ ಇದಕ್ಕೆ ಸಿಗಲ್ಲ. ನಮ್ಮ ಸೆನ್ಸರ್‌ಗಳಿಗೆ ನಿಜವಾದ ಕೆಲಸ ಇರೋದು ಅಲ್ಲಿ.

ವಿಧಾನ ಸಿಕ್ಕಿತು, ಆದರೆ ರೋಗಿಗಳು ರಾಶಿ, ಹೂವರ್ ಒಬ್ಬರು. ಹೀಗಾಗಿ ಆಸ್ಪತ್ರೆಯ ಸೈನಿಕ ಸಿಬ್ಬಂದಿಯಿಂದಲೇ ಕೆಲವರನ್ನು ಆರಿಸಿ ತಯಾರು ಮಾಡಿದರು. ಓರಿಯೆಂಟರ್ ಅಂತ ಅವರಿಗೆ ಹೆಸರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾನೇ ನಡೆದು ಕಲಿಯಬೇಕು, ಆಮೇಲಷ್ಟೇ ಇನ್ನೊಬ್ಬರಿಗೆ ಕಲಿಸೋದು. ಬಟ್ಟೆ ಕಟ್ಟಿಕೊಂಡರೆ ಅಂಧತ್ವ ಏನು ಅಂತ ಗೊತ್ತಾಗುತ್ತೆ ಅನ್ನೋ ಮಾತನ್ನು ನಾವು ಒಪ್ಪಲ್ಲ, ಸಂಜೆ ಅದನ್ನು ಬಿಚ್ಚಿಡಬಹುದಲ್ಲ. ಮೊದಲ ಕೆಲವು ನಿಮಿಷ ಗೊತ್ತಾಗೋದು ಬರೀ ಹೆದರಿಕೆ. ಗಂಟೆಗಟ್ಟಲೆ ನಡೆದ ಮೇಲೆ ಕೋಲಿನ ಮೇಲೆ ನಂಬಿಕೆ ಬರುತ್ತೆ. ತನಗೇ ನಂಬಿಕೆ ಇಲ್ಲದ ಮೇಷ್ಟ್ರು ಶಿಷ್ಯನಿಗೆ ರಸ್ತೆ ದಾಟು ಅಂತ ಹೇಗೆ ಹೇಳ್ತಾರೆ?

ಅದಕ್ಕಿಂತ ಕಷ್ಟದ್ದು ಅದರ ಮುಂದಿನ ಹಂತ, ಇವತ್ತಿನ ತರಬೇತಿಯಲ್ಲೂ ಇರೋದು. ಫುಟ್‌ಪಾತ್ ಮೇಲೆ ಮುಂದೆ ಅಂಧ ವಿದ್ಯಾರ್ಥಿ, ಅವರ ಹಿಂದೆ ಕಲಿಸೋಕೆ ಕಲಿಯುತ್ತಿರುವ ಹೊಸ ಮೇಷ್ಟ್ರು, ಇವರಿಬ್ಬರನ್ನೂ ನೋಡುತ್ತಾ ಒಬ್ಬ ಹಿರಿಯ ಮೇಷ್ಟ್ರು. ವಿದ್ಯಾರ್ಥಿ ಕಂಬದ ಕಡೆ ಹೋಗ್ತಿದ್ದಾರೆ. ಕೂಗಬೇಕಾ, ಸುಮ್ಮನಿರಬೇಕಾ? ಕೂಗಿದರೆ ಕೋಲಿನ ಪಾಠ ಹಾಳು, ಇನ್ನೆರಡು ಹೆಜ್ಜೆಗೆ ಕೋಲೇ ಕಂಬ ಹೇಳುತ್ತಿತ್ತು. ಆದರೆ ಎದುರಿಗೆ ಬರ್ತಿರೋದು ಲಾರಿ ಆದರೆ ತಕ್ಷಣ ಹಿಡೀಬೇಕು. ಈ ತೀರ್ಮಾನ ಪುಸ್ತಕದಲ್ಲಿ ಬರಲ್ಲ, ರಸ್ತೆಯಲ್ಲಿ, ಹಿರಿಯರ ಕಣ್ಣಳತೆಯಲ್ಲೇ ಕಲಿಯಬೇಕು. ಅದಕ್ಕೇ ಅಮೆರಿಕದಲ್ಲಿ ಈ ವೃತ್ತಿಯ ಪ್ರಮಾಣಪತ್ರಕ್ಕೆ 350 ಗಂಟೆ ಮೇಲ್ವಿಚಾರಣೆಯ ಪ್ರಾಯೋಗಿಕ ಕೆಲಸ ಕೇಳ್ತಾರೆ.

ಯುದ್ಧ ಮುಗೀತು. 1948ರಲ್ಲಿ ಇಲಿನಾಯ್‌ನ ಹೈನ್ಸ್ ಆಸ್ಪತ್ರೆಯಲ್ಲಿ ಮಾಜಿ ಸೈನಿಕರಿಗಾಗಿ ಅಂಧರ ಪುನರ್ವಸತಿ ಕೇಂದ್ರ ಶುರುವಾಯಿತು. ಅದರ ಮುಖ್ಯಸ್ಥ ರಸೆಲ್ ವಿಲಿಯಮ್ಸ್. ಯುದ್ಧದಲ್ಲಿ ಕಣ್ಣು ಕಳೆದುಕೊಂಡು, ವ್ಯಾಲಿ ಫೋರ್ಜ್‌ನಲ್ಲೇ ಕೋಲು ಕಲಿತವರು. ಮೇಷ್ಟ್ರುಗಳ ತರಬೇತಿ ಅಲ್ಲಿ ಇನ್ನೂ ಬಿಗಿಯಾಯಿತು. 1960ರಲ್ಲಿ ಬಾಸ್ಟನ್ ಕಾಲೇಜಿನಲ್ಲೂ ಮರುವರ್ಷ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲೂ ಇದು ಸ್ನಾತಕೋತ್ತರ ಓದಾಯಿತು.

ಒಂದು ವಿಚಿತ್ರ ಹೇಳದೆ ಇರೋಕಾಗಲ್ಲ. ಹಿಂದೆ ನಡೆಯುವವರಿಗೆ ಅಪಾಯ ಕಾಣಬೇಕು ಅನ್ನೋ ಕಾರಣ ಕೊಟ್ಟು ಅಂಧರನ್ನು ದಶಕಗಳ ಕಾಲ ಈ ಮೇಷ್ಟ್ರು ಕೆಲಸದಿಂದ ಹೊರಗಿಟ್ಟಿದ್ದರು. ಹೈನ್ಸ್ ಕೇಂದ್ರವನ್ನು ಕಟ್ಟಿದ್ದೇ ಒಬ್ಬ ಅಂಧ ಅನ್ನೋದು ಎಲ್ಲರಿಗೂ ಗೊತ್ತಿದ್ದರೂ! ಸದ್ದು ಕೇಳಿ, ಜೊತೆಗೇ ನಡೆದು ಕಲಿಸಬಹುದು ಅಂತ ಅಂಧ ಮೇಷ್ಟ್ರುಗಳು ಮಾಡಿ ತೋರಿಸಿ, ಜಗಳ ಆಡಿಯೇ ಒಳಗೆ ಬರಬೇಕಾಯಿತು.

ಹೂವರ್ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಓದಿ, ಕಣ್ಣಿನ ಡಾಕ್ಟರ್ ಆಗಿ ಬಾಲ್ಟಿಮೋರ್‌ನಲ್ಲಿ ನೆಲೆಸಿದರು. ಕಣ್ಣಿಲ್ಲದೆ ನಡೆಯೋದನ್ನು ಕಲಿಸಿದವರು ಉಳಿದ ಆಯುಷ್ಯವನ್ನೆಲ್ಲ ಕಣ್ಣು ಉಳಿಸೋ ಕೆಲಸಕ್ಕೆ ಕೊಟ್ಟರು. 1986ರಲ್ಲಿ ತೀರಿಕೊಂಡರು. ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಮಂದದೃಷ್ಟಿಯವರ ಪುನರ್ವಸತಿ ವಿಭಾಗಕ್ಕೆ ಅವರ ಹೆಸರಿದೆ. ಕೋಲು ಬೀಸುವ ಆ ವಿಧಾನವನ್ನೂ ಹೂವರ್ ವಿಧಾನ ಅಂತಲೇ ಕರೀತಾರೆ.