ಉಮರ್ ಮುಖ್ತಾರ್: ಬೆಟ್ಟವೇರಿದ ಉಸ್ತಾದ್

ಉಮರ್ ಮುಖ್ತಾರರು ವೃತ್ತಿಯಿಂದ ಸೇನಾನಿಯಲ್ಲ, ಮಕ್ಕಳಿಗೆ ಪವಿತ್ರ ಕುರ್‌ಆನ್ ಕಲಿಸುತ್ತಿದ್ದ ಉಸ್ತಾದರು. ಲಿಬಿಯಾದ ಜಗ್ಬೂಬ್‌ನಲ್ಲಿದ್ದ ಸನೂಸಿಗಳ ವಿದ್ಯಾಕೇಂದ್ರದಲ್ಲಿ ಕಲಿತವರು. 1911ರಲ್ಲಿ ಇಟಲಿ ದಂಡೆತ್ತಿ ಬಂದಾಗ ಅವರಿಗೆ ಐವತ್ತರ ಆಸುಪಾಸು. ನಾವಾದರೆ ಆ ವಯಸ್ಸಿಗೆ ವಿಶ್ರಾಂತಿಯ ಮಾತೆತ್ತುತ್ತೇವೆ. ಅವರು ಕುದುರೆಯೇರಿ ಜಬಲ್ ಅಖ್ದರ್ ಬೆಟ್ಟಗಳಿಗೆ ಹೊರಟರು.

ಅವರು ಯುದ್ಧದಾಹಿಯಾಗಿರಲಿಲ್ಲ. 1929ರಲ್ಲಿ ಇಟಲಿಯವರು ಸಂಧಾನಕ್ಕೆ ಕರೆದಾಗ ಹೋಗಿ ಕುಳಿತರು. ಆದರೆ ಅದನ್ನೇ ಶರಣಾಗತಿಯೆಂದು ಸಾರಿದಾಗ ಮತ್ತೆ ಬಂದೂಕು ಹಿಡಿದರು. ಮುಖ್ತಾರರ ಬಲವಿರುವುದು ಊರವರ ಬೆಂಬಲದಲ್ಲಿ ಎಂದು ದಂಡನಾಯಕ ಗ್ರಾಜಿಯಾನಿಗೆ ತಿಳಿದಿತ್ತು. 1930ರಲ್ಲಿ ಸುಮಾರು ಒಂದು ಲಕ್ಷ ಜನರನ್ನು, ಹೆಂಗಸರು, ಮಕ್ಕಳೆನ್ನದೆ, ಮರುಭೂಮಿಯಂಚಿನ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಲಾಯಿತು. ಹಸಿವು, ರೋಗಗಳಿಂದ ಸಾವಿರ ಸಾವಿರ ಜೀವಗಳು ಹೋದವು. ಈಜಿಪ್ಟಿನ ಗಡಿಗೂ ಮುಳ್ಳುಬೇಲಿ ಬಿತ್ತು. ತಾವು ಹೋರಾಡುತ್ತಿರುವುದು ಯಾರಿಗಾಗಿಯೋ ಅವರೇ ತಮ್ಮಿಂದಾಗಿ ನರಳುವುದನ್ನು ಕಾಣುವುದಕ್ಕಿಂತ ಕಠಿಣ ಪರೀಕ್ಷೆ ಇನ್ನಾವುದಿದೆ? ಆದರೂ ಅವರು ಬೆಟ್ಟವಿಳಿಯಲಿಲ್ಲ.

1931ರ ಸೆಪ್ಟೆಂಬರ್ 11ರಂದು ಅವರು ಸೆರೆಯಾದರು. ಬೆಂಗಾಜಿಯಲ್ಲಿ ವಿಚಾರಣೆಯ ಶಾಸ್ತ್ರ ಒಂದೇ ದಿನದಲ್ಲಿ ಮುಗಿಯಿತು. 16ರಂದು ಸಲೂಖ್‌ನಲ್ಲಿ ಗಲ್ಲು. ನೋಡಲೆಂದು ಸುಮಾರು 20,000 ಜನರನ್ನು ಬಲವಂತದಿಂದ ನಿಲ್ಲಿಸಲಾಗಿತ್ತು. ಆಗ ಉಸ್ತಾದರಿಗೆ ಎಪ್ಪತ್ತರ ವಯಸ್ಸು.