ಕತ್ತಲೆಯಲ್ಲಿ ಕಂಡ ನೀಲಿ ಬೆಳಕು

ಬೆಳಕನ್ನು ಮೀರಿ ಓಡುವ ಕಣವುಂಟೆಂದರೆ ನಾನು ನಂಬುತ್ತಿರಲಿಲ್ಲ. ಚೆರೆಂಕೋವರ ಚರಿತ್ರೆಯನ್ನು ಓದಿ ನಂಬಿದೆನು.

1904ರಲ್ಲಿ ರಷ್ಯದ ವೊರೊನೆಜ್ ಪ್ರಾಂತದ ರೈತರ ಮನೆಯಲ್ಲಿ ಜನಿಸಿದ ಇವರು ವಾವಿಲೋವರ ಶಿಷ್ಯರು. ಗಂಟೆಗೂ ಮಿಕ್ಕಿ ಕಗ್ಗತ್ತಲೆಯಲ್ಲಿ ಕುಳಿತು ಕಣ್ಣನ್ನು ಹದಗೊಳಿಸಿಕೊಂಡು, ರೇಡಿಯಮ್ಮಿನ ಕಿರಣ ಬಿದ್ದ ದ್ರವಗಳನ್ನು ನೋಡುತ್ತಿದ್ದರು. ಕಣ್ಣೇ ಉಪಕರಣ! ಶುದ್ಧ ಜಲದಲ್ಲಿಯೂ ಮಂದವಾದ ನೀಲಿ ಬೆಳಕು ಕಂಡಿತು. 1934ರಲ್ಲಿ ಅದನ್ನು ಪ್ರಕಟಿಸಿದಾಗ ಹಲವರು ಸಂದೇಹಪಟ್ಟರು.

1937ರಲ್ಲಿ ಟಾಮ್, ಫ್ರಾಂಕರು ಕಾರಣ ಹೇಳಿದರು: ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ನೀರಿನಲ್ಲಿ ಸುಮಾರು 2¼ ಲಕ್ಷಕ್ಕೆ ಇಳಿಯುತ್ತದೆ, ಎಲೆಕ್ಟ್ರಾನು ಅಲ್ಲಿ ಅದನ್ನು ಹಿಂದೆ ಹಾಕಬಲ್ಲದು. ಶೂನ್ಯದಲ್ಲಿ ಮಾತ್ರ ಅದು ಅಸಾಧ್ಯ.

ಮರುವರ್ಷವೇ ಅವರ ತಂದೆಯನ್ನು ಸ್ಟಾಲಿನ್ನನ ಸರಕಾರ ಗುಂಡಿಕ್ಕಿ ಕೊಂದಿತು. ಮಗ ಪ್ರಯೋಗಾಲಯವನ್ನು ಬಿಡಲಿಲ್ಲ. 1958ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ವಾವಿಲೋವರು 1951ರಲ್ಲಿಯೇ ತೀರಿಕೊಂಡಿದ್ದರು.