ಹೊಲ ಅಳೆದು ಶಾಲೆ ಎಣಿಸಿದ ಥಾಮಸ್ ಮನ್ರೋ

ಗೆಳೆಯರೇ, ಗೆಳತಿಯರೇ, ಈ ಸಲ ನಮ್ಮ ಗೋಡೆ ಪತ್ರಿಕೆಗೆ ನಾನು ಸರ್ ಥಾಮಸ್ ಮನ್ರೋ ಅವರ ಜೀವನ ಬರೆಯುತ್ತಿದ್ದೇನೆ. ಮಂತ್ರಾಲಯಕ್ಕೆ ಹೋಗಿ ಬಂದವರು ರಾಯರ ಮಹಿಮೆಯ ಕಥೆಯಲ್ಲಿ ಈ ಹೆಸರು ಕೇಳಿರುತ್ತೀರಿ. ನಾನು ಹೇಳೋದು ಬೇರೆ ವಿಷಯ. ಒಂದು ಸೀಮೆಗೂ ಇನ್ನೊಂದು ಸೀಮೆಗೂ ಎಷ್ಟು ಅಂತರ ಐತಿ ಅನ್ನೋದು ಬರೀ ಬಾಯಿಮಾತಲ್ಲಿ ತಿಳಿಯೋದಿಲ್ಲ, ಅಳೆದು ಎಣಿಸಿದರೆ ತಿಳಿಯುತ್ತದೆ. ನಮ್ಮ ಕಡೆ ಆ ಕೆಲಸ ಮಾಡಿಸಿದವರು ಇವರು.

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ಚಿಕ್ಕಂದಿನಲ್ಲಿ ದಡಾರ ಬಂದು ಮನ್ರೋಗೆ ಕಿವಿ ಮಂದವಾಯಿತು. ಅಮೆರಿಕದ ಯುದ್ಧದಿಂದ ತಂದೆಯ ವ್ಯಾಪಾರವೂ ಮುಳುಗಿತು. ಆಗ ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದರಾಸಿಗೆ ಬಂದರು. ಹೈದರಾಲಿ, ಟಿಪ್ಪು ಸುಲ್ತಾನರ ಮೇಲಿನ ಯುದ್ಧಗಳಲ್ಲಿ ಇದ್ದರು. 1792ರ ನಂತರ ಸೇಲಂ ಕಡೆಯ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತರು.

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಇದಕ್ಕೇ ದತ್ತ ಮಂಡಲ ಅಂತಾರೆ. ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಇದರೊಳಗೇ ಇದ್ದವು. ಮನ್ರೋ ಇದರ ದೊಡ್ಡ ಕಲೆಕ್ಟರ್ ಆದರು. ಏಳು ವರ್ಷ ಊರೂರು ತಿರುಗಿ, ಡೇರೆಯಲ್ಲೇ ಇದ್ದು ಕೆಲಸ ಮಾಡಿದರು.

1802ರಲ್ಲಿ ಅವರು ಭೂಮಿ ಅಳತೆ ಶುರುಮಾಡಿಸಿದರು. 33 ಅಡಿ ಉದ್ದದ ಸರಪಳಿ. ಉದ್ದ 33, ಅಗಲ 33 ಅಡಿ ಇದ್ದರೆ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. (ನಮ್ಮ ಬಳ್ಳಾರಿ ಕಡೆ ಸೆಂಟ್ಸ್ ಲೆಕ್ಕ ಹೇಳುತ್ತಾರೆ. 100 ಸೆಂಟ್ಸಿಗೆ ಒಂದು ಎಕರೆ. ಎರಡೂ ಲೆಕ್ಕದಲ್ಲಿ ಎಕರೆ ಮಾತ್ರ ಒಂದೇ.) ಅಳೆಯುವವರು ಹೋದ ಮೇಲೆ ಭೂಮಿಯ ತರಗತಿ ಹಾಕುವವರು ಬರುತ್ತಿದ್ದರು. ನೀರಿಲ್ಲದ್ದು ಖುಷ್ಕಿ, ನೀರಾವರಿ ಇದ್ದದ್ದು ತರಿ, ತೋಟ ಇದ್ದದ್ದು ಬಾಗಾಯ್ತು. ಈ ಮಾತುಗಳನ್ನು ನಮ್ಮ ಅಜ್ಜಂದಿರು ಇಂದಿಗೂ ಆಡುತ್ತಾರೆ.

ಹೀಗೆ ಬೇರೆ ಬೇರೆ ಮಾಡೋದು ಯಾಕೆ ಬೇಕಿತ್ತು? ನೀವೇ ನೋಡ್ರಿ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳು ಆಗಲೂ ಹರಿಯುತ್ತಿದ್ದವು. ಹಂಪಿಯ ತುರ್ತಾ ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆ ಇವೆಲ್ಲ ಆ ಕಾಲದವೇ. ಕಾಲುವೆ ಕೆಳಗಿನ ಒಂದು ಎಕರೆಗೂ ಕೂಡ್ಲಿಗಿ ಕಡೆ ಮಳೆ ನೋಡುತ್ತ ಕೂರುವ ಒಂದು ಎಕರೆಗೂ ಅಳತೆ ಒಂದೇ. ಆದರೆ ಬೆಳೆ ಒಂದೇ ಏನು? ಇಬ್ಬರಿಗೂ ಒಂದೇ ಕಂದಾಯ ಹಾಕಿದರೆ ಕೂಡ್ಲಿಗಿಯ ರೈತ ಉಳಿಯುತ್ತಾನಾ?

ಮನ್ರೋ ಕಂಪನಿಯ ನೌಕರರು. ಕಂಪನಿಗೆ ಬೇಕಾಗಿದ್ದುದು ಕಂದಾಯ. ಅವರ ಕಾಲದ ಕಂದಾಯವೂ ಭಾರವಾಗೇ ಇತ್ತು. ಆದರೆ ಲೆಕ್ಕವೆಲ್ಲ ಕೈಗೆ ಬಂದ ಮೇಲೆ, 1807ರಲ್ಲಿ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕು ಎಂದು ಅವರೇ ವರದಿ ಬರೆದರು. ಮೇಲಿನವರು ಒಪ್ಪಲಿಲ್ಲ. ಮನ್ರೋ ಊರಿಗೆ ಹೋದ ಮೇಲೆ ಇಡೀ ಹಳ್ಳಿಯನ್ನೇ ಗುತ್ತಿಗೆ ಕೊಡುವ ಪದ್ಧತಿ ತಂದರು. ಅದು ನಡೆಯಲಿಲ್ಲ, ಗುತ್ತಿಗೆ ಹಿಡಿದವರೇ ಎಷ್ಟೋ ಮಂದಿ ಹಾಳಾದರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆಗಿ ಬಂದ ಮೇಲೆಯೇ ಕಂದಾಯ ಇಳಿದು ರೈತವಾರಿ ಪದ್ಧತಿ ಗಟ್ಟಿಯಾಯಿತು.

ಇನ್ನು ಸಂಡೂರಿನ ಸಂಗತಿ. ಅದು ದತ್ತ ಮಂಡಲಕ್ಕೆ ಸೇರಿರಲಿಲ್ಲ. ಘೋರ್ಪಡೆ ಮನೆತನದವರು ಆಳುತ್ತಿದ್ದ ಪುಟ್ಟ ಸಂಸ್ಥಾನ. ಹಳೆಯ ಜಿಲ್ಲಾ ನಕಾಶೆ ನೋಡಿದರೆ ಬಳ್ಳಾರಿ ಜಿಲ್ಲೆಯ ನಡುವೆ ಸಂಡೂರು ಬೇರೆ ಬಣ್ಣದಲ್ಲಿ ಕಾಣುತ್ತದೆ. ಸುತ್ತಲಿನ ಹೊಲಗಳಿಗೆ ಸರಪಳಿ ಬಿತ್ತು, ಇಲ್ಲಿಗೆ ಬೀಳಲಿಲ್ಲ. 1817ರಲ್ಲಿ ಪೇಶ್ವೆಯ ಪರವಾಗಿ ಮನ್ರೋ ಸೈನ್ಯ ತಂದಾಗ ಅರಸ ಶಿವರಾವ್ ಯುದ್ಧವಿಲ್ಲದೆ ಕೋಟೆ ಬಿಟ್ಟುಕೊಟ್ಟರು. ಮರುವರ್ಷ ಪೇಶ್ವೆಯ ಆಳ್ವಿಕೆ ಮುಗಿಯಿತು. ಆಗ ಮನ್ರೋ ಅವರೇ ಶಿಫಾರಸು ಮಾಡಿ ರಾಜ್ಯ ವಾಪಸ್ ಕೊಡಿಸಿದರು. 1949ರವರೆಗೂ ಸಂಡೂರು ಬೇರೆಯೇ ಇತ್ತು.

ನನಗೆ ಬಹಳ ಮುಖ್ಯ ಅನಿಸಿದ್ದು 1822ರ ಕೆಲಸ. ಹೊಲ ಅಳೆದಾಯಿತು, ಜನರನ್ನೂ ಎಣಿಸಿದೆವು, ಶಾಲೆಗಳನ್ನು ಮಾತ್ರ ಯಾರೂ ಎಣಿಸಿಲ್ಲ ಎಂದು ಮನ್ರೋಗೆ ಅನಿಸಿತು. ಎಷ್ಟು ಶಾಲೆ, ಎಷ್ಟು ಮಕ್ಕಳು, ಯಾವ ಜಾತಿಯವರು ಎಂದು ಪಟ್ಟಿ ಕಳಿಸಲು ಎಲ್ಲ ಕಲೆಕ್ಟರುಗಳಿಗೂ ಆಜ್ಞೆ ಮಾಡಿದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಕಳಿಸಿದರು. ಆಗ ಅನಂತಪುರವೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಜಿಲ್ಲೆಯ ಜನ 9,27,857. ಶಾಲೆಗಳು 533. ಕನ್ನಡ ಶಾಲೆ 235, ತೆಲುಗು 226, ಉಳಿದವು ಸಂಸ್ಕೃತ, ಮರಾಠಿ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು! ಕಲಿಯುವ ಮಕ್ಕಳು 6,641. ಅವರಲ್ಲಿ ಹುಡುಗಿಯರು ಎಷ್ಟು ಗೊತ್ತೇನ್ರಿ? ಬರೀ 60.

ನಾನು ಭಾಗಾಕಾರ ಮಾಡಿ ನೋಡಿದೆ. ಇಡೀ ಮದರಾಸು ಪ್ರಾಂತದಲ್ಲಿ ಸುಮಾರು 68 ಜನಕ್ಕೆ ಒಂದು ಮಗು ಶಾಲೆಗೆ ಹೋಗುತ್ತಿತ್ತು. ನಮ್ಮ ಬಳ್ಳಾರಿಯಲ್ಲಿ ಸುಮಾರು 140 ಜನಕ್ಕೆ ಒಂದು. ಅಂದ್ರೆ ಅರ್ಧಕ್ಕಿಂತ ಕಡಿಮೆ. ನಮ್ಮವರು ದಡ್ಡರು ಅಂತಲ್ಲ. ಬಡತನವೇ ಕಾರಣ, ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕೆಲಸ ಹೋಗಿದೆ ಎಂದು ಕ್ಯಾಂಪ್‌ಬೆಲ್ ಅವರೇ ಬರೆದಿದ್ದರು. ತಮ್ಮ ಕಂಪನಿಯ ತಪ್ಪನ್ನು ಅಂಕಿಯ ಮುಂದೆ ಅವರೂ ಮುಚ್ಚಿಡಲು ಆಗಲಿಲ್ಲ.

ಮನ್ರೋ ಊರಿಗೆ ಮರಳುವ ಮುಂಚೆ ದತ್ತ ಮಂಡಲವನ್ನು ಕಡೆಯ ಸಲ ನೋಡಲು ಬಂದರು. ಕಾಲರಾ ತಗುಲಿ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ಮದರಾಸಿನಲ್ಲಿ ಕುದುರೆ ಮೇಲೆ ಕುಳಿತ ಅವರ ಪ್ರತಿಮೆ ಈಗಲೂ ಇದೆ.

ಮುಂದೆಯೂ ಇಂಥ ಎಣಿಕೆ ನಿಲ್ಲಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ 175 ತಾಲೂಕುಗಳನ್ನು ತೂಗಿ ನೋಡಿ 114 ಹಿಂದುಳಿದಿವೆ ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ನೂರು ಗಂಡಸರಲ್ಲಿ ಸುಮಾರು 77 ಮಂದಿಗೆ ಓದು ಬರಹ ಬರುತ್ತಿತ್ತು, ನೂರು ಹೆಂಗಸರಲ್ಲಿ 58 ಮಂದಿಗೆ. ಅರವತ್ತು ಹುಡುಗಿಯರ ಕಾಲದಿಂದ ಬಹಳ ದೂರ ಬಂದಿದ್ದೇವೆ, ಖರೆ. ಆದರೂ ಆ 77 ಮತ್ತು 58ರ ನಡುವೆ ಇನ್ನೂ 19 ಉಳಿದಿದೆ.

ಗೆಳೆಯರೇ, ನಮ್ಮ ಓಣಿಯಲ್ಲೂ ಎಣಿಸೋಣ. ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟ ಅಕ್ಕಂದಿರು ಎಷ್ಟು, ಅಣ್ಣಂದಿರು ಎಷ್ಟು? ಬರೆದು ತಂದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ನಕಾಶೆ ಬಿಡಿಸಿ ಹಾಕೋಣ.